ಹದಿನಾಲ್ಕನೇ ಕ್ಯಾಮೆರಾದ ಗಡಿಯಾರ

ಹದಿನಾಲ್ಕನೇ ಕ್ಯಾಮೆರಾದ ಜೀವ ಇನ್ನೂ ಹೋಗಿರಲಿಲ್ಲ.

ವೆಲಿಟಾ ಉಗುರಿನಿಂದ ಕೊಕ್ಕೆ ಎಬ್ಬಿಸಿ ಅದರ ಮುಚ್ಚಳ ತೆರೆದಳು. ಬೆಂಕಿಪೊಟ್ಟಣದಷ್ಟು ಅಗಲದ ಪರದೆ ಮಿಣುಕಿ ಬೆಳಗಿತು. ನಾಲ್ಕು ಗಂಟೆ ಐವತ್ತೆರಡು ನಿಮಿಷ. ತನ್ನ ಕೈಗಡಿಯಾರ ನೋಡಿಕೊಂಡಳು. ಮೂರು ಗಂಟೆ ಇಪ್ಪತ್ತೆರಡು.

ಒಂದೂವರೆ ಗಂಟೆ. ಒಂದು ನಿಮಿಷ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹತ್ತೊಂಬತ್ತು ದಿನಗಳಿಂದ ಹುಡುಕುತ್ತಿದ್ದುದು ಅಂಗೈಯಲ್ಲಿತ್ತು. ಅದನ್ನು ಹೊರಗೆ ಒಯ್ಯುವ ದಾರಿ ಮಾತ್ರ ತೋಚಲಿಲ್ಲ.

ದುಬೈಯಿಂದ ದೂರದ ಮದೀನತ್ ಜಾಯೆದ್ ಪೇಟೆಯ ಹೊರಗೆ, ಕಂಪನಿಯ ಯಾರ್ಡಿನ ಮೂಲೆಯಲ್ಲಿದ್ದ ಪೋರ್ಟಾಕ್ಯಾಬಿನ್ ಅದು. ಬಾಗಿಲು ಒಂದೇ. ಇದ್ದೊಂದು ಕಿಟಕಿಗೆ ಏಸಿ ಕೂರಿಸಿ ಸುತ್ತ ಪ್ಲೈವುಡ್ ಹೊಡೆದಿದ್ದರು. ಪಕ್ಕದಲ್ಲೇ ಗ್ಯಾಸ್ ಪೈಪುಗಳ ದಾಸ್ತಾನು ಇದ್ದುದರಿಂದ ಫೋನ್ ಒಳಗೆ ತರುವಂತಿರಲಿಲ್ಲ. ಅವಳದು ಗೇಟಿನ ವಾಚ್‌ಮನ್ ಬಳಿ, ನಂಬರ್ ಬರೆದ ಚೀಲದಲ್ಲಿತ್ತು. ಪರದೆಯ ಫೋಟೋ ತೆಗೆಯುವಂತಿಲ್ಲ. ಯಾರಿಗೂ ಕರೆ ಮಾಡುವಂತಿಲ್ಲ. ಮೇಜಿನ ಮೇಲೆ ಎರಡು ಕ್ರೇಟುಗಳಲ್ಲಿ, ನಿನ್ನೆ ಮರಳುಗಾಡಿನಿಂದ ಕಿತ್ತು ತಂದ ಪ್ರಾಣಿ ಸುಳಿದೊಡನೆ ತಾವೇ ಫೋಟೋ ತೆಗೆಯುವ ಮೂವತ್ತೊಂದು ಟ್ರೇಲ್ ಕ್ಯಾಮೆರಾಗಳು. ಇವತ್ತು ಅವುಗಳ ಬ್ಯಾಟರಿ ತೆಗೆದು ಪೆಟ್ಟಿಗೆಗೆ ತುಂಬಿಸುವ ದಿನ.

ಬ್ಯಾಟರಿ ತೆಗೆದರೆ ಗಡಿಯಾರ ಸೊನ್ನೆಗೆ ಹೋಗುತ್ತದೆ. ಆಮೇಲೆ ಅದು ಯಾವ ಸಮಯ ತೋರಿಸುತ್ತಿತ್ತೆಂದು ದೇವರೇ ಬಂದು ಸಾಕ್ಷಿ ಹೇಳಬೇಕು.

ಅವಳ ತಮ್ಮ ಕ್ಲೈವ್ ಕಂಬಿಯ ಹಿಂದೆ ಇದ್ದುದು ಈ ಹದಿನಾಲ್ಕನೆಯದು ತೆಗೆದ ಒಂದೇ ಒಂದು ಫೋಟೋದ ಮೇಲೆ. ನೀರಿನ ತೊಟ್ಟಿಯ ಬಳಿ ಕಂಪನಿಯ ಬಿಳಿ ಪಿಕಪ್ ನಿಂತಿದೆ, ಅದರ ಹಿಂದಿನ ಚಕ್ರದ ಹತ್ತಿರ ಅಂದು ಚಕ್ರದಡಿ ಸಿಕ್ಕಿ ಸತ್ತ ಕ್ಯಾಮೆರಾ ಟೆಕ್ನಿಷಿಯನ್ ಆಗಸ್ಟಿನ್ ಬಿದ್ದಿದ್ದಾನೆ. ಫೋಟೋದ ಕೆಳಗೆ ಅಚ್ಚಾದ ಸಮಯ ಐದು ಐವತ್ತು. ಲಾಗ್ ಬುಕ್ಕಿನ ಪ್ರಕಾರ ನಾಲ್ಕು ಮುಕ್ಕಾಲಿನವರೆಗೆ ಪಿಕಪ್ ಇದ್ದುದು ಫೀಲ್ಡ್ ಮ್ಯಾನೇಜರ್ ಸರ್ವೋತ್ತಮನ ಬಳಿ. ಆಮೇಲೆ ಡ್ರೈವರ್ ಕ್ಲೈವ್‌ನ ಬಳಿ. ತೊಟ್ಟಿಯಿಂದ ಯಾರ್ಡಿಗೆ ಇಪ್ಪತ್ತು ನಿಮಿಷದ ದಾರಿ. ಕ್ಲೈವ್ ಅರಬಿಯಲ್ಲಿದ್ದ ಹೇಳಿಕೆಗೆ ಸಹಿಯನ್ನೂ ಹಾಕಿದ್ದ. ಯಾಕೆ ಹಾಕಿದೆ ಎಂದು ಭೇಟಿಯಲ್ಲಿ ಕೇಳಿದರೆ ನೆಲ ನೋಡುತ್ತಿದ್ದ.

ಆದರೆ ಐದು ಐವತ್ತು ಎಂಬುದು ಎಲ್ಲಿಯ ಐದು ಐವತ್ತು?

ಕಾರ್ಕಳದ ಆಗಸ್ಟಿನ್ ಹನ್ನೊಂದು ವರ್ಷ ಈ ಮರಳಿನಲ್ಲಿದ್ದ. ಅವನ ವಾಚು ಮಾತ್ರ ಒಂದು ದಿನವೂ ಊರಿನ ಸಮಯ ಬಿಟ್ಟು ಕದಲಲಿಲ್ಲ. ಹೆಂಡತಿ ತೆರೆಸಾ ಅಲ್ಲಿ ಆಸ್ಪತ್ರೆಯ ನರ್ಸ್. ಅವಳ ಡ್ಯೂಟಿ ಯಾವಾಗ ಮುಗಿಯುತ್ತದೆ, ಯಾವಾಗ ಫೋನ್ ಮಾಡಬಹುದು ಎಂದು ಲೆಕ್ಕ ಹಾಕುವ ರಗಳೆ ಬೇಡವೆಂದು. ಕ್ಯಾಂಪಿನಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. "ಗಲ್ಫಿಗೆ ಬಂದದ್ದು ನನ್ನ ಕಾಲು ಮಾತ್ರ, ಕೈ ಊರಲ್ಲೇ ಉಂಟು" ಎಂದು ಅವನೂ ನಗುತ್ತಿದ್ದ.

ಸಿಮ್ ಇರುವ ಕ್ಯಾಮೆರಾಗಳು ತಮ್ಮ ಗಡಿಯಾರವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಹದಿನಾಲ್ಕನೆಯದೂ ಸೇರಿ, ಸಿಗ್ನಲ್ ಇಲ್ಲದ ತಗ್ಗಿನಲ್ಲಿ ಇಟ್ಟ ಆರು ಕ್ಯಾಮೆರಾಗಳಿಗೆ ಮಾತ್ರ ಸಮಯವನ್ನು ಕೈಯಲ್ಲಿ ಕೂರಿಸಬೇಕು. ಆಗಸ್ಟಿನ್ ತನ್ನ ವಾಚು ನೋಡಿ ಕೂರಿಸಿದ್ದ. ಅದರಲ್ಲಿ ತಪ್ಪಿದೆಯೆಂದು ಅವನಿಗೆ ಅನ್ನಿಸಿಯೇ ಇರಲಿಕ್ಕಿಲ್ಲ.

ವೆಲಿಟಾ ಇದನ್ನು ಕಂಡುಹಿಡಿದದ್ದು ಬರ್ ದುಬೈನಲ್ಲಿ, ಬಟ್ಟೆ ಅಂಗಡಿಯ ಮೇಲಿನ ಆಫೀಸಿನಲ್ಲಿ. ಆರು ವರ್ಷಗಳಿಂದ ಅವಳ ಕೆಲಸ ಒಂದೇ. ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ ಬಂದ ಫೋಟೋಗಳನ್ನು ನೋಡಿ ಜಿಂಕೆ, ಮೊಲ, ಒಂಟೆ, ಖಾಲಿ ಎಂದು ಗುರುತು ಹಾಕುವುದು. ಸೂರ್ಯ ಮುಳುಗಿದ ಮೇಲೆ ಈ ಕ್ಯಾಮೆರಾಗಳು ಬಣ್ಣ ಬಿಟ್ಟು ಕಪ್ಪುಬಿಳುಪಿಗೆ ಹೊರಳುತ್ತವೆ. ಫೆಬ್ರವರಿಯಲ್ಲಿ ಆರೂಕಾಲಿಗೆ ಸೂರ್ಯ ಮುಳುಗುವ ಜಾಗದಲ್ಲಿ, ಆ ಆರು ಕ್ಯಾಮೆರಾಗಳು ಏಳೂ ನಲವತ್ತಕ್ಕೂ ಕೆಂಪು ಮರಳಿನ ಮೇಲೆ ಬಿಸಿಲು ತೋರಿಸುತ್ತಿದ್ದವು.

ಐದು ಐವತ್ತರ ಫೋಟೋ ತೆಗೆದದ್ದು ನಾಲ್ಕೂ ಇಪ್ಪತ್ತಕ್ಕೆ. ಆಗ ಪಿಕಪ್ ಯಾರ ಬಳಿ ಇತ್ತು?

ಬಾಗಿಲಿನ ಬೆಳಕು ಒಮ್ಮೆಲೇ ಕುಗ್ಗಿತು. ವೆಲಿಟಾ ಮುಚ್ಚಳ ಮುಚ್ಚಿ ಕ್ಯಾಮೆರಾವನ್ನು ಮಡಿಲಿಗೆ ಇಳಿಸಿ, ದುಪಟ್ಟಾ ಎಳೆದುಕೊಂಡಳು.

"ಎಂತ ಮಾರಾಯ್ತಿ, ಬರುದಾದ್ರೆ ಒಂದು ಮಾತು ಹೇಳ್ಲಿಕ್ಕಿಲ್ವಾ? ದುಬೈಯಿಂದ ಬಸ್ಸಲ್ಲಿ ಬಂದದ್ದಂತೆ, ವಾಚ್‌ಮನ್ ಹೇಳಿದ."

ಸರ್ವೋತ್ತಮ ಎರಡು ಕಾಗದದ ಲೋಟಗಳಲ್ಲಿ ಚಹಾ ಹಿಡಿದು ನಿಂತಿದ್ದ. ಉಡುಪಿಯ ಕಡೆಯವನು. ಐವತ್ತರ ಗಡಿಯಲ್ಲೂ ಹೊಟ್ಟೆ ಬಾರದ ಮೈ, ಇಸ್ತ್ರಿ ಮಾಡಿದ ಅಂಗಿ. ಅಕ್ಕ ತಮ್ಮ ಇಬ್ಬರಿಗೂ ಇಲ್ಲಿ ಕೆಲಸ ಕೊಡಿಸಿದವನು ಅವನೇ.

"ನಾಳೆ ಬೇಟೆ ನಿಯಮದ ಸಮಿತಿಗೆ ಜಿಂಕೆಯ ಎಣಿಕೆ ಕೊಡ್ಬೇಕಲ್ವಾ ಸರ್ವೋತ್ತಮಣ್ಣ. ಎರಡು ಕಾರ್ಡಿನ ನಂಬರ್ ತಾಳೆ ಆಗ್ಲಿಲ್ಲ. ನೋಡಿ ಹೋಗುವ ಅಂತ."

"ಫೋನ್ ಮಾಡಿದ್ರೆ ನಾನೇ ನೋಡಿ ಹೇಳ್ತಿದ್ದೆ. ಕುಡಿ, ತಣೀತದೆ."

ಅವನು ಕುರ್ಚಿ ಎಳೆದು ಕುಳಿತ. ಅವಳಿಗೂ ಬಾಗಿಲಿಗೂ ನಡುವೆ. ಬೇಕೆಂದೇ ಕುಳಿತನೋ ಇಲ್ಲವೋ ಹೇಳುವಂತಿರಲಿಲ್ಲ. ಕಾಲ ಬಳಿ ಒಂದು ಬಕೆಟ್ ಇಟ್ಟುಕೊಂಡು ಕ್ರೇಟಿನಿಂದ ಮೊದಲ ಕ್ಯಾಮೆರಾ ತೆಗೆದ. ಮುಚ್ಚಳ ತೆರೆದು ಬೋರಲು ಹಾಕಿ ತಟ್ಟಿದ. ಎಂಟು ಬ್ಯಾಟರಿಗಳು ಟಕಟಕನೆ ಬಕೆಟ್ಟಿಗೆ ಬಿದ್ದವು.

"ಒಂದು."

ವೆಲಿಟಾಳ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಕ್ಲೈವ್‌ನ ಬೆಂತಿಣ್ ಇತ್ತು, ದಾರಕ್ಕೆ ಕಟ್ಟಿದ, ಮಾತೆಯ ಚಿತ್ರ ಹೊಲಿದ ಕಂದು ಬಟ್ಟೆಯ ಚೌಕ. ಪೊಲೀಸರು ಕರೆದೊಯ್ಯಲು ಬಂದಾಗ ಅವನು ಅದನ್ನು ಬಿಚ್ಚಿ ಅವಳ ಕೊರಳಿಗೆ ಹಾಕಿದ್ದ. "ತೆಗೀಬೇಡ ಅಕ್ಕ. ಸ್ನಾನಕ್ಕೂ ತೆಗೀಬೇಡ" ಎಂದಿದ್ದ. ಅಷ್ಟು ಭಕ್ತಿ ಅವನಿಗೆ ಯಾವಾಗ ಬಂತೆಂದು ಅವಳಿಗೆ ಆಗಲೇ ಆಶ್ಚರ್ಯವಾಗಿತ್ತು.

"ಎರಡು. ಆಗಸ್ಟಿನ್ ಸಮಿತಿಗೆ ಬರೆದಿಟ್ಟ ಕಾಗದ ನಾಳೆ ನಾನೇ ಓದುದು ಗೊತ್ತುಂಟಾ? ಸಾರ್ವಜನಿಕ ಮರಳಲ್ಲಿ ಬೇಟೆಗೆ ಕ್ಯಾಮೆರಾ ಬೇಡವೇ ಬೇಡ ಅಂತ ಬರೆದಿದ್ದಾನೆ ಪಾಪ. ನಮ್ಮ ಕಂಪನಿಯೂ ಅದನ್ನೇ ಹೇಳ್ತದೆ. ನಿಷೇಧ ಆಗುವ ಮೊದಲೇ ನಮ್ಮದೆಲ್ಲ ತೆಗೆದದ್ದು ಅದಕ್ಕೇ. ಒಳ್ಳೆಯ ಹೆಸರು ಬರ್ತದೆ."

ಆಗಸ್ಟಿನ್ ಯಾಕೆ ಬರೆದನೆಂದು ವೆಲಿಟಾಳಿಗೆ ಗೊತ್ತಿತ್ತು. ಈ ಬಯಲು ಎಲ್ಲರದು. ಚಳಿಗಾಲದಲ್ಲಿ ಪರ್ಮಿಟ್ ಇದ್ದವರು ಗಿಡುಗ ಹಾರಿಸಿ ಹಕ್ಕಿ ಹಿಡಿಯಬಹುದು, ಜಿಂಕೆಯನ್ನು ಮುಟ್ಟುವಂತಿಲ್ಲ. ಆದರೂ ಎರಡು ವರ್ಷಗಳಲ್ಲಿ ನಲವತ್ತು ಜಿಂಕೆಗಳು ಹನ್ನೊಂದಾದವು. ಸಿಮ್ ಕ್ಯಾಮೆರಾ ಇದ್ದ ಯಾವ ತೊಟ್ಟಿಗೆ ಜಿಂಕೆ ಬಂದರೂ ಅರ್ಧ ಗಂಟೆಯೊಳಗೆ ಅಲ್ಲಿಗೆ ಜೀಪು ಬರುತ್ತಿತ್ತು. ಎಣಿಸಲೆಂದು ಇಟ್ಟ ಕ್ಯಾಮೆರಾಗಳ ಫೋಟೋಗಳನ್ನು ಯಾರೋ ಬೇಟೆಗಾರರ ಫೋನಿಗೆ ಹರಿಸುತ್ತಿದ್ದರು. ಯಾರೆಂಬುದಕ್ಕೆ ಸಾಕ್ಷಿ ಕೂಡಿಸುತ್ತಿದ್ದೇನೆ ಎಂದು ಆಗಸ್ಟಿನ್ ಒಮ್ಮೆ ಅಂದಿದ್ದ.

ಈ ಬಯಲಿನ ಹಿರಿಯ ಸರ್ಕಾರಿ ಕಾವಲುಗಾರ ಝಿಯಾದ್ ಬೆಳಿಗ್ಗೆ ಫೋನಿನಲ್ಲಿ, ತನ್ನ ಅರಬಿ ಬೆರೆತ ಹಿಂದಿಯಲ್ಲಿ, ಅವಳಿಗೆ ಹೇಳಿದ್ದ. "ನನ್ನ ಅಪ್ಪ ಹೆಜ್ಜೆ ನೋಡಿ ಬೇಟೆಗೆ ಹೋಗುತ್ತಿದ್ದರು. ಅವರಿಗಿಂತ ಪ್ರಾಣಿ ಒಂದು ದಿನ ಮುಂದೆ ಇರುತ್ತಿತ್ತು. ಆ ಒಂದು ದಿನ ಪ್ರಾಣಿಯದ್ದು. ಈಗ ಅದು ನೀರಿಗೆ ಕತ್ತು ಬಗ್ಗಿಸಿದರೆ ಸಾಕು, ಇವರ ಜೇಬಿನಲ್ಲಿ ಫೋನ್ ಕೂಗುತ್ತದೆ. ಅದರ ದಿನ ಎಲ್ಲಿ ಹೋಯಿತು ಸಿಸ್ಟರ್?" ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಯಾರ್ಡಿಗೆ ಬರುತ್ತೇನೆ ಎಂದೂ ಹೇಳಿದ್ದ.

ಅವನು ಬರುವವರೆಗೆ ಹದಿನಾಲ್ಕನೆಯದು ಬದುಕಿರಬೇಕು.

"ಬೇಟೆಯ ಕ್ಯಾಮೆರಾ ಬೇಡ ಅಂತ ಆಗಸ್ಟಿನ್ ಬರೆದದ್ದು," ವೆಲಿಟಾ ಒಂದೊಂದೇ ಶಬ್ದ ಆರಿಸಿ ಹೇಳಿದಳು. "ಎಣಿಸುವ ಕ್ಯಾಮೆರಾ ಕೀಳಿ ಅಂತ ಬರೆದಿಲ್ಲ."

"ಪೆಟ್ಟಿಗೆ ಒಂದೇ ಅಲ್ವಾ?"

"ನೋಡುವವರು ಬೇರೆ."

"ಓಹೋ!" ಅವನು ನಕ್ಕ. "ಅದನ್ನೆಲ್ಲ ಸಮಿತಿಯಲ್ಲಿ ಹೇಳ್ಬೇಡ ಮತ್ತೆ. ಅವರಿಗೆ ಬೇಕು, ಬೇಡ, ಎರಡೇ ಉತ್ತರ. ಒಂಬತ್ತು."

ಟಕಟಕ. ಹತ್ತು. ಹನ್ನೊಂದು. ಚಹಾ ತಣ್ಣಗಾಯಿತು. ಅವಳು ಜಿಂಕೆಗಳ ಬಗ್ಗೆ ಕೇಳಿದಳು, ಸಮಿತಿಯಲ್ಲಿ ಯಾರ್‍ಯಾರು ಇರುತ್ತಾರೆಂದು ಕೇಳಿದಳು, ಅವನ ಮಗಳ ಪರೀಕ್ಷೆಯ ಬಗ್ಗೆ ಕೇಳಿದಳು. ಅವನು ಎಲ್ಲದಕ್ಕೂ ಉತ್ತರಿಸಿದ. ಕೈ ಮಾತ್ರ ನಿಲ್ಲಲಿಲ್ಲ. ಎರಡನೇ ಕ್ರೇಟೂ ಬರಿದಾಗುತ್ತ ಬಂತು.

"ಮೂವತ್ತು." ಅವನು ಕ್ರೇಟನ್ನು ವಾಲಿಸಿ ತಳ ನೋಡಿದ. "ಒಂದು ಕಡಿಮೆ ಉಂಟಲ್ಲ."

ಏಸಿ ಗೊರಗುಟ್ಟಿತು. ವೆಲಿಟಾ ದುಪಟ್ಟಾದ ಅಂಚನ್ನು ಕ್ಯಾಮೆರಾದ ಮೇಲೆ ಸರಿಸಿದಳು.

"ಹದಿನಾಲ್ಕು ಇಲ್ಲ," ಎಂದ ಅವನು, ಕ್ಯಾಮೆರಾಗಳ ಬೆನ್ನಿನ ನಂಬರುಗಳ ಮೇಲೆ ಬೆರಳು ಓಡಿಸಿ. ಆಮೇಲೆ ಅವಳ ದುಪಟ್ಟಾದ ಉಬ್ಬು ನೋಡಿದ. "ಕೊಡು ಇಲ್ಲಿ. ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದೀಯಲ್ಲ."

ಇನ್ನು ಅಡಗಿಸಿ ಫಲವಿಲ್ಲ. ಅವಳು ಕ್ಯಾಮೆರಾವನ್ನು ಎರಡೂ ಕೈಗಳಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು.

"ಸರ್ವೋತ್ತಮಣ್ಣ, ಆಗಸ್ಟಿನ್‌ನ ವಾಚು ನಿಮಗೆ ನೆನಪುಂಟಾ?"

"ವಾಚಾ? ಅದೆಂತ ಈಗ?"

"ಯಾವಾಗ ನೋಡಿದ್ರೂ ಒಂದೂವರೆ ಗಂಟೆ ಮುಂದೆ."

ಅವನ ಬೆರಳುಗಳ ನಡುವೆ ಒಂದು ಬ್ಯಾಟರಿ ಉರುಳುತ್ತಿತ್ತು. ಅದು ನಿಂತಿತು. ಅವನ ಕಣ್ಣು ಕ್ಯಾಮೆರಾದಿಂದ ಅವಳ ಕೈಗಡಿಯಾರಕ್ಕೆ ಹೋಯಿತು, ಅಲ್ಲಿಂದ ಗೋಡೆಗೆ ತೂಗುಹಾಕಿದ್ದ ಲಾಗ್ ಬುಕ್ಕಿಗೆ ಹೋಯಿತು. ಲೆಕ್ಕ ಹಾಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಓ," ಎಂದ. ಅಷ್ಟೇ.

ಎದ್ದು ಹೋಗಿ ಬಾಗಿಲು ಹಾಕಿದ. ಕೊಂಡಿ ಸರಿಸಿದ. "ಏಸಿ ಎಲ್ಲ ಹೊರಗೆ ಹೋಗ್ತದೆ," ಎಂದು ತಾನಾಗಿ ವಿವರಣೆ ಕೊಟ್ಟ.

ಕ್ಯಾಬಿನ್ ಅರ್ಧದಷ್ಟಾದಂತೆ ಅವಳಿಗೆ ಅನಿಸಿತು. ಕ್ಲಿಕ್ ಸದ್ದಿಗೆ ತೊಟ್ಟಿಯಿಂದ ತಲೆಯೆತ್ತಿ, ಯಾವ ಕಡೆ ಓಡಬೇಕೆಂದು ತಿಳಿಯದೆ ನಿಂತ ಪ್ರಾಣಿಗಳನ್ನು ಅವಳು ಸಾವಿರಗಟ್ಟಲೆ ಫೋಟೋಗಳಲ್ಲಿ ನೋಡಿದ್ದಳು. ಅವು ಹಾಗೆ ಯಾಕೆ ನಿಲ್ಲುತ್ತವೆಂದು ಈಗ ಗೊತ್ತಾಯಿತು.

"ಝಿಯಾದ್ ಬರ್ತಾರೆ," ಎಂದಳು.

"ಬರ್ಲಿ. ಒಳ್ಳೆಯ ಮನುಷ್ಯ." ಅವನು ಮತ್ತೆ ಕುಳಿತ. ಕ್ಯಾಮೆರಾ ಕಸಿದುಕೊಳ್ಳಲು ಪ್ರಯತ್ನಿಸಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆ ಹೆಚ್ಚಾಯಿತು. "ಈ ಕ್ಯಾಮೆರಾ ಒಂದು ಸಲಕ್ಕೆ ಎಷ್ಟು ಫೋಟೋ ತೆಗೀತದೆ? ನಿನ್ನ ಕೆಲಸ ಅಲ್ವಾ, ಹೇಳು."

"ಮೂರು."

"ಪೊಲೀಸರಿಗೆ ನಾನು ಕೊಟ್ಟದ್ದು ಒಂದು. ಉಳಿದ ಎರಡು ಎಂತಾಯ್ತು ಅಂತ ನೀನು ಯಾಕೆ ಕೇಳ್ಲಿಲ್ಲ?"

ಅವಳು ಕೇಳಿದ್ದಳು. ಕಾರ್ಡು ಕೆಟ್ಟಿದೆ ಎಂದು ಆಫೀಸಿನಲ್ಲಿ ಹೇಳಿದ್ದರು.

ಸರ್ವೋತ್ತಮ ಜೇಬಿನಿಂದ ತನ್ನ ಫೋನ್ ತೆಗೆದ. ಮ್ಯಾನೇಜರುಗಳಿಗೆ ಪರವಾನಗಿಯ ಚೀಟಿ ಅಂಟಿಸಿದ ಫೋನ್ ಇಟ್ಟುಕೊಳ್ಳಬಹುದಿತ್ತು. ಪರದೆಯನ್ನು ಎರಡು ಸಲ ಸರಿಸಿ ಅವಳ ಮುಂದೆ ಇಟ್ಟ.

"ಮೂರನೆಯದು. ನೋಡು."

ಅದೇ ತೊಟ್ಟಿ, ಅದೇ ಪಿಕಪ್. ಗಾಜಿನ ಮೇಲೆ ಬಿಸಿಲು ಹೊಳೆದು ಸ್ಟೇರಿಂಗ್ ಹಿಡಿದವರು ಯಾರೆಂದು ಕಾಣುತ್ತಿರಲಿಲ್ಲ. ಬಿದ್ದಿದ್ದ ಆಗಸ್ಟಿನ್‌ನ ಪಕ್ಕದಲ್ಲಿ ಒಬ್ಬ ಮಂಡಿಯೂರಿ ಕುಳಿತಿದ್ದ. ಕ್ಯಾಮೆರಾದ ಕಡೆಗೆ ಬೆನ್ನು.

"ಮುಖ ಕಾಣುದಿಲ್ಲ. ಪೊಲೀಸರಿಗೆ ಯಾರು ಅಂತ ಹೇಳ್ಲಿಕ್ಕೆ ಕಷ್ಟ," ಎಂದ ಸರ್ವೋತ್ತಮ. "ನಿನಗೆ?"

ನೀಲಿ ಚೌಕುಳಿಯ ಅಂಗಿ. ಭುಜದ ಪಟ್ಟಿಯಲ್ಲಿ ಮಾತ್ರ ಚೌಕುಳಿ ಓರೆ. ಕ್ರಿಸ್ಮಸ್ಸಿಗೆಂದು ಅವಳೇ ಆರಿಸಿದ ಬಟ್ಟೆ. ಕಾಲು ಮೀಟರು ಕಡಿಮೆ ಬಿದ್ದು, ದುಬೈನ ಸತ್ವಾ ಪೇಟೆಯ ಟೈಲರ್ ಉಳಿದ ತುಂಡನ್ನು ಓರೆಯಾಗಿ ಕೂರಿಸಿ ಹೊಲಿದಿದ್ದ. ಬೆನ್ನು ನಾನೇನು ನೋಡ್ತೇನಾ ಎಂದು ಕ್ಲೈವ್ ನಕ್ಕಿದ್ದ.

ಅವನು ಅಲ್ಲಿ ಇರಲೇ ಇಲ್ಲವೆಂದು ಅವಳು ನಂಬಿದ್ದಳು. ಇಡೀ ಗಡಿಯಾರದ ಲೆಕ್ಕ ನಿಂತದ್ದೇ ಆ ನಂಬಿಕೆಯ ಮೇಲೆ.

"ನೀವು ಡ್ರೈವ್ ಮಾಡ್ತಾ ಇದ್ರಿ," ಎಂದಳು ಕೊನೆಗೆ.

"ಫೋಟೋದಲ್ಲಿ ನಾನು ಉಂಟಾ?"

"ಲಾಗ್ ಬುಕ್ಕಲ್ಲಿ ಉಂಟು."

"ಉಂಟು. ಅದಕ್ಕೇ ಹೇಳುದು, ಕೇಳು." ಅವನು ಮುಂದಕ್ಕೆ ಬಾಗಿದ. ದನಿ ತಗ್ಗಿತು, ಹೆಚ್ಚುಕಡಿಮೆ ಪ್ರೀತಿಯದಾಯಿತು. "ಈಗ ಅವನ ಮೇಲೆ ಇರುದು ಅಜಾಗರೂಕ ಡ್ರೈವಿಂಗ್. ರಿವರ್ಸ್ ತೆಗೆಯುವಾಗ ಕಾಣ್ಲಿಲ್ಲ, ಹೆದರಿ ಓಡಿದ. ಕೆಲವು ತಿಂಗಳು ಕೂರಿಸ್ತಾರೆ, ಮತ್ತೆ ಊರಿಗೆ ಕಳಿಸ್ತಾರೆ. ಖಲಾಸ್. ನಿನ್ನ ಗಡಿಯಾರ ತೆಗೊಂಡು ಹೋದ್ರೆ ಎಂತಾಗ್ತದೆ? ಪಿಕಪ್ಪಲ್ಲಿ ಇಬ್ಬರು ಇದ್ರು ಅಂತ ಆಗ್ತದೆ. ಸುಳ್ಳು ಹೇಳಿಕೆಗೆ ಸಹಿ ಹಾಕಿದವ ಯಾರು? ನಿನ್ನ ತಮ್ಮ. ಇಬ್ಬರು ಸೇರಿ ಮಾಡಿ, ಸೇರಿ ಮುಚ್ಚಿದ್ದು. ಅದಕ್ಕೆ ಇಲ್ಲಿ ಬೇರೆ ಹೆಸರು."

"ಅವನು ಯಾಕೆ ಸಹಿ ಹಾಕಿದ?"

"ನನ್ನನ್ನು ಕೇಳ್ತೀಯಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾದಂತಿತ್ತು. "ನಿನ್ನ ವೀಸಾ ಯಾರ ಕೈಯಲ್ಲಿ ಉಂಟು ಮಾರಾಯ್ತಿ? ಜೈಲಿಗೆ ಅವ ಹೆದರ್ಲೇ ಇಲ್ಲ. ಅಕ್ಕನನ್ನು ಏನೂ ಮಾಡ್ಬೇಡಿ ಅಂತ ಒಂದೇ ಹಟ."

ವೆಲಿಟಾ ಕಣ್ಣು ಮುಚ್ಚಿದಳು. ಗಡಿಯಾರವನ್ನು ತೋರಿಸಿದರೆ ಕ್ಲೈವ್ ಕೊಲೆಗಾರನ ಜೊತೆಗಾರ. ತೋರಿಸದಿದ್ದರೆ ಒಬ್ಬನ ಪ್ರಾಣ ತೆಗೆದವನೆಂಬ ಹೆಸರು ಹೊತ್ತು ಅವನು ಊರಿಗಿಳಿಯುತ್ತಾನೆ, ತೆರೆಸಾಳ ಮನೆಯಿಂದ ಆರು ಮೈಲಿ ದೂರದಲ್ಲಿ.

ಕಣ್ಣು ತೆರೆದಾಗ ಫೋಟೋ ಅಲ್ಲೇ ಇತ್ತು. ಆರು ವರ್ಷಗಳ ಅಭ್ಯಾಸ. ಕಣ್ಣು ತಾನಾಗಿ ಮೂಲೆಯಿಂದ ಮೂಲೆಗೆ ಹೋಯಿತು. ಗಾಜಿನ ಹೊಳಪು. ಚಕ್ರದ ಗುರುತು. ಆಗಸ್ಟಿನ್‌ನ ಎಡಗೈ, ಮಣಿಕಟ್ಟಿನ ವಾಚು. ಬಲಗೈ.

ಬಲಗೈ ಬಿದ್ದವನ ಕೈಯಂತೆ ಇರಲಿಲ್ಲ. ಮೊಣಕೈಯಿಂದ ಮೇಲೆದ್ದು ಕ್ಲೈವ್‌ನ ಅಂಗೈಯೊಳಗೆ ಹೋಗಿತ್ತು. ಹೆಬ್ಬೆರಳು ಬಾಗಿ, ಎರಡು ಬೆರಳು ಸೇರಿ.

ಆಗಸ್ಟಿನ್ ಬದುಕಿದ್ದ. ಏನನ್ನೋ ಕೊಡುತ್ತಿದ್ದ. ಉಗುರಿಗಿಂತ ದೊಡ್ಡದಲ್ಲದ ಏನನ್ನೋ.

ಬಾಗಿಲು ಬಡಿದ ಸದ್ದಾಯಿತು.

"ಸಿಸ್ಟರ್? ಯಲ್ಲಾ, ಬೇಗ ಬಾಗಿಲು ತೆಗೆಯಿರಿ. ಯಾಕೆ ಹಾಕಿದ್ದೀರಿ?"

ಸರ್ವೋತ್ತಮ ಫೋನನ್ನು ಜೇಬಿಗೆ ಸೇರಿಸಿ, ಎದ್ದು, ಕೊಂಡಿ ತೆಗೆದ. ಮುಖದಲ್ಲಿ ಸ್ವಾಗತದ ನಗು ಆಗಲೇ ಸಿದ್ಧವಾಗಿತ್ತು. ಹೊರಗಿನ ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ಝಿಯಾದ್ ಹೊಸ್ತಿಲಲ್ಲಿ ನಿಂತ. ನರೆತ ಗಡ್ಡ, ಹಣೆಯ ಮೇಲೆ ಇನ್ನೂ ನಮಾಜಿನ ಮರಳು. ಖಾಲಿಯಾದ ಕ್ಯಾಮೆರಾಗಳನ್ನು ನೋಡಿದ, ಬ್ಯಾಟರಿ ತುಂಬಿದ ಬಕೆಟ್ಟನ್ನು ನೋಡಿದ, ಗೋಡೆಗೆ ಒರಗಿದ್ದ ವೆಲಿಟಾಳನ್ನು ನೋಡಿದ.

"ಏನೋ ತೋರಿಸುತ್ತೇನೆ ಎಂದಿದ್ದಿರಿ," ಎಂದು ಹಿಂದಿಯಲ್ಲಿ ಅವಳನ್ನೇ ಕೇಳಿದ. "ಏನದು?"

"ಮಾಫಿ," ಎಂದು ಅರಬಿಯಲ್ಲಿ ಅಲ್ಲಗಳೆದ ಸರ್ವೋತ್ತಮ, ಕೈಯಾಡಿಸಿ. "ಏನೂ ಇಲ್ಲ ಶೇಖ್. ತಮ್ಮನ ಚಿಂತೆ, ಪಾಪ. ಅಳ್ತಾ ಇದ್ದಳು."

ವೆಲಿಟಾ ಅಳುತ್ತಿರಲಿಲ್ಲ. ಅವಳ ಬೆರಳುಗಳು ಎಂದಿನಂತೆ ಕೊರಳಿನ ಬಟ್ಟೆಯ ಚೌಕವನ್ನು ತಿರುವುತ್ತಿದ್ದವು. ಕಂದು ಬಟ್ಟೆಯ ಮೂರು ಅಂಚಿಗೆ ಕಂದು ದಾರ. ನಾಲ್ಕನೆಯದಕ್ಕೆ ಕಪ್ಪು ದಾರ, ಗಂಡಸರು ಗುಂಡಿ ಹೊಲಿಯುವ ಹಾಗೆ ಒರಟು ಹೊಲಿಗೆ. ಹತ್ತೊಂಬತ್ತು ದಿನ ಕೊರಳಲ್ಲಿದ್ದರೂ ಅವಳು ಇದನ್ನು ಗಮನಿಸಿರಲಿಲ್ಲ.

ಸ್ನಾನಕ್ಕೂ ತೆಗೀಬೇಡ ಅಕ್ಕ.

ಬಟ್ಟೆಯನ್ನು ಒತ್ತಿದಳು. ಒಳಗೆ ಮೆಮೊರಿ ಕಾರ್ಡಿನಂಥ ಗಟ್ಟಿಯಾದ ಒಂದು ಮೂಲೆ ಹೆಬ್ಬೆರಳಿಗೆ ಚುಚ್ಚಿತು.

ತಲೆಯೆತ್ತಿದಾಗ ಸರ್ವೋತ್ತಮನ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಅವಳ ಬೆರಳಿನ ಮೇಲಿತ್ತು. ಫೋಟೋವನ್ನು ಅವನು ಎಷ್ಟು ಸಲ ನೋಡಿದ್ದನೋ. ಆ ಎರಡು ಕೈಗಳ ನಡುವೆ ಏನಿತ್ತೆಂದು ಅವನೂ ಹತ್ತೊಂಬತ್ತು ದಿನಗಳಿಂದ ಹುಡುಕುತ್ತಿದ್ದನೆಂದು ಅವಳಿಗೆ ಆ ಕ್ಷಣದಲ್ಲಿ ಹೊಳೆಯಿತು.

ಅವನು ತುಳುವಿಗೆ ಹೊರಳಿದ. ಝಿಯಾದ್‌ನಿಗೆ ಅರ್ಥವಾಗದ ಭಾಷೆ. ದನಿ ಮೆತ್ತಗಿತ್ತು.

"ಅದು ಕ್ಲೈವ್‌ನದ್ದಲ್ವಾ? ಇಲ್ಲಿ ಕೊಡು. ನಾಳೆ ನಾನೇ ಅವನಿಗೆ ಮುಟ್ಟಿಸ್ತೇನೆ. ಅವ ಅಲ್ಲಿ ಒಬ್ಬನೇ ಇರುದು, ನೆನಪಿರ್ಲಿ."

ಅಂಗೈ ಮೇಲಾಗಿ ಕೈ ಚಾಚಿದ.

ಹೊಸ್ತಿಲಿನಿಂದ ಝಿಯಾದ್ ಒಂದು ಹೆಜ್ಜೆ ಒಳಗಿಟ್ಟ. ಅವಳು ಎದೆಗೊತ್ತಿ ಹಿಡಿದಿದ್ದ ಕ್ಯಾಮೆರಾದ ಕಡೆಗೆ ಅವನೂ ಕೈ ಚಾಚಿದ.

ಅವಳು ಹೆಬ್ಬೆರಳಿನಿಂದ ಮುಚ್ಚಳದ ಕೊಕ್ಕೆ ಎಬ್ಬಿಸಿದಳು. ಪುಟ್ಟ ಪರದೆ ಬೆಳಗಿ ಐದು ಇಪ್ಪತ್ತೊಂಬತ್ತಕ್ಕೆ ಹೊರಳಿತು. ವೆಲಿಟಾ ಝಿಯಾದ್‌ನ ಕಡೆಗೆ ತಿರುಗಿ ದಾರವನ್ನು ಕೊರಳಿನಿಂದ ಮೇಲಕ್ಕೆತ್ತಿ ತೆಗೆದಳು.